ನೀನೇ ಮೊದಲು ನಗಬೇಡ

ಪ್ರೀತಿಯ ಗೆಳೆಯಾ,

ನಿನ್ನ ಕತ್ತಿವೀರನ ಕತೆ ಓದಿದೆ. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು ಅನ್ನುವುದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕಾಡಿದ್ದು ಕತೆಯ ಜೊತೆ ನೀನು ಬರೆದ ಒಂದು ಸಾಲು: "ಜನ ನಗ್ತಾರೆ ಅನ್ನೋ ಭಯ ಸರ್, ಅದಕ್ಕೆ ನಾನೇ ಮೊದಲು ನಕ್ಕುಬಿಟ್ಟೆ."

ಹೌದು, ನಕ್ಕಿದ್ದೀಯ. ನಾಯಕ ಕತ್ತಿ ಎತ್ತಿದರೆ ಅದು ಥರ್ಮೋಕೋಲಿನದು ಅಂತ ಕೂಗಿ ಹೇಳುತ್ತೀಯ. ರಾಕ್ಷಸ ಬಂದರೆ ಅವನ ಬೆನ್ನಿನ ಜಿಪ್ ತೋರಿಸುತ್ತೀಯ. ಕಡಿಮೆ ಬಜೆಟ್ಟಿನ ಕತ್ತಿ-ಮಂತ್ರದ ಸಿನಿಮಾಗಳ ಮೇಲಿನ ಪ್ರೀತಿಯಿಂದಲೇ ಹೀಗೆ ಬರೆದೆ ಅನ್ನುತ್ತೀಯ. ಆ ಸಿನಿಮಾಗಳು ನನಗೂ ಇಷ್ಟ. ನನಗೆ ಸಿಟ್ಟು ಬಂದಿದ್ದೂ ಅದಕ್ಕೇ.

'ಹಾಕ್ ದಿ ಸ್ಲೇಯರ್' ನೋಡಿದ್ದೀಯಲ್ವಾ? 1980ರ ಇಂಗ್ಲೆಂಡಿನ ಸಿನಿಮಾ, ಟೆರ್ರಿ ಮಾರ್ಸೆಲ್ ನಿರ್ದೇಶನ. ಅದರಲ್ಲಿ ಬಿಲ್ಲು ಹಿಡಿದ ಎಲ್ಫ್ ಒಬ್ಬನಿದ್ದಾನೆ, ಅಂದರೆ ಪಾಶ್ಚಾತ್ಯ ಜಾನಪದ ಕತೆಗಳ ಯಕ್ಷನಂಥವನು. ಮಷಿನ್ ಗನ್ನಿನ ವೇಗದಲ್ಲಿ ಬಾಣ ಬಿಡುತ್ತಾನೆ. ಸ್ವಲ್ಪ ಗಮನ ಕೊಟ್ಟರೆ ಗುಟ್ಟು ತಿಳಿಯುತ್ತೆ: ಒಂದೇ ತುಣುಕನ್ನು ಮತ್ತೆ ಮತ್ತೆ ಜೋಡಿಸಿದ್ದಾರೆ. ಕೈ, ಬಿಲ್ಲು, ಬಾಣ. ಕೈ, ಬಿಲ್ಲು, ಬಾಣ. ಮಾಟಗಾತಿ ಮಂತ್ರ ಹಾಕಿದರೆ ಹೊಳೆಯುವ ಪುಟ್ಟ ಚೆಂಡುಗಳು ಪುಟಿಯುತ್ತಾ ಬರುತ್ತವೆ. ನಾಯಕನ ದುಷ್ಟ ಅಣ್ಣನ ಪಾತ್ರ ಜಾಕ್ ಪ್ಯಾಲನ್ಸ್ ಅವರದು. ಆಗ ಅವರಿಗೆ ಅರವತ್ತು ದಾಟಿತ್ತು, ತಮ್ಮನ ಪಕ್ಕ ನಿಂತರೆ ಅಪ್ಪನ ಹಾಗೆ ಕಾಣುತ್ತಾರೆ. ಅರ್ಧ ಮುಖ ಮುಚ್ಚಿದ ಶಿರಸ್ತ್ರಾಣದೊಳಗಿಂದ ಪಿಸುಗುಡುತ್ತಾರೆ, ಇದ್ದಕ್ಕಿದ್ದಂತೆ ಅಬ್ಬರಿಸುತ್ತಾರೆ. ನಗು ತಡೆಯೋಕೆ ಆಗಲ್ಲ. ಆದರೆ ಆ ಮನುಷ್ಯ ಒಂದೇ ಒಂದು ಶಾಟಿನಲ್ಲೂ "ಇಂಥ ಸಿನಿಮಾಕ್ಕೆ ಇಷ್ಟು ಸಾಕು" ಅಂತ ಕೈ ಸಡಿಲ ಬಿಟ್ಟಿಲ್ಲ. ದೊಡ್ಡ ರಂಗಮಂಚದ ಮೇಲೆ ನಿಂತವರ ಹಾಗೆ ಮಾಡಿದ್ದಾರೆ. ನಮಗೆ ಬರುವ ನಗು ಅಲ್ಲಿಂದ ಬರುತ್ತೆ. ಅವರ ಆಸೆ ಅಷ್ಟು ಎತ್ತರ, ಕೈಯಲ್ಲಿದ್ದ ದುಡ್ಡು ಇಷ್ಟೇ ಇಷ್ಟು.

1982ರಲ್ಲಿ 'ಕೋನನ್ ದಿ ಬಾರ್ಬೇರಿಯನ್' ಗೆದ್ದ ಮೇಲೆ ಇಂಥವು ಸಾಲುಸಾಲಾಗಿ ಬಂದವು. ಇಟಲಿಯಲ್ಲಿ ತೆಗೆದರು. ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಅರ್ಜೆಂಟೀನಾದ ಕಂಪನಿ ಜೊತೆ ಸೇರಿ ಅಲ್ಲಿ ತೆಗೆಸಿದರು. ಇಟಲಿಯ ನಿರ್ದೇಶಕ ಜೋ ಡಿ'ಅಮಾಟೊ ಅವರ 'ಏಟರ್' ಸರಣಿಯ ಎರಡನೇ ಸಿನಿಮಾದಲ್ಲಿ ವೀರ ಗುಹೆಯೊಳಗೆ ಕಣ್ಣಿಗೆ ಕಾಣದ ಶತ್ರುಗಳ ಜೊತೆ ಕಾದಾಡುತ್ತಾನೆ. ಕಾಣದ ಶತ್ರುವಿಗೆ ಸಂಬಳ ಇಲ್ಲ, ವೇಷ ಇಲ್ಲ. ವೀರನ ಪಾತ್ರದ ಮೈಲ್ಸ್ ಓಕೀಫ್ ಮಾತ್ರ ಬರೀ ಗಾಳಿಗೆ ಕತ್ತಿ ಬೀಸುತ್ತಾ, ಏಟು ತಿಂದವನ ಹಾಗೆ ಹಿಂದೆ ಸರಿಯುತ್ತಾ, ಮತ್ತೆ ಮುನ್ನುಗ್ಗುತ್ತಾನೆ. ಆಮೇಲೆ ಅದೇ ವೀರ ಹ್ಯಾಂಗ್ ಗ್ಲೈಡರ್ ಕಟ್ಟಿಕೊಂಡು ಕೋಟೆಯ ಮೇಲೆ ಹಾರಿ ಬಾಂಬು ಹಾಕುತ್ತಾನೆ. ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಆ ಜಗತ್ತಿನಲ್ಲಿ ಯಾರಿಗೂ ಅನುಮಾನ ಇಲ್ಲ.

ಕಾರ್ಮನ್ ಅವರ 'ಡೆತ್‌ಸ್ಟಾಕರ್' 1983ರದು. ಎರಡನೇ ಭಾಗ 1987ರಲ್ಲಿ ಬಂತು, ಮೊದಲನೆಯದರ ತುಣುಕುಗಳನ್ನೂ ಸೇರಿಸಿಕೊಂಡು. ಇದು ಬೇಕಂತಲೇ ತಮಾಷೆ ಮಾಡುತ್ತೆ, ಇದಕ್ಕೆ ಅಭಿಮಾನಿಗಳೂ ಜಾಸ್ತಿ. ನನಗೆ ರುಚಿಸಲಿಲ್ಲ. ಪ್ರತಿ ಸಲ ನಕ್ಕಾಗಲೂ ಪಕ್ಕದಲ್ಲಿ ಒಬ್ಬ ಮೊಣಕೈಯಿಂದ ತಿವಿದ ಹಾಗಾಗುತ್ತೆ. ನಿನ್ನ ಕತೆ ಓದುವಾಗಲೂ ಪುಟಪುಟಕ್ಕೂ ಹಾಗೇ ಆಯಿತು.

ನಮ್ಮ ನಿರ್ದೇಶಕ ವಿಠಲಾಚಾರ್ಯರನ್ನೇ ತಗೋ. ಉಡುಪಿ ಕಡೆಯವರು, ಟೂರಿಂಗ್ ಟಾಕೀಸ್ ನಡೆಸಿದವರು, ಕನ್ನಡದಲ್ಲಿ ಶುರುಮಾಡಿ ಮದ್ರಾಸಿಗೆ ಹೋಗಿ ತೆಲುಗಿನವರಿಂದ ಜಾನಪದ ಬ್ರಹ್ಮ ಅನ್ನಿಸಿಕೊಂಡರು. ಕಾಲ್‌ಶೀಟ್ ವಿಷಯದಲ್ಲಿ ಸತಾಯಿಸಿದ ನಟರಿಗೆ ಕತೆಯಲ್ಲೇ ಶಾಪ ಕೊಡಿಸಿ, ಗಿಳಿಯೋ ಕೋತಿಯೋ ಮಾಡಿ ಸಿನಿಮಾ ಮುಗಿಸುತ್ತಿದ್ದರು ಅಂತ ಚಿತ್ರರಂಗದಲ್ಲಿ ಇವತ್ತಿಗೂ ಹೇಳುತ್ತಾರೆ. ಅವರ 1978ರ 'ಜಗನ್ಮೋಹಿನಿ'ಯಲ್ಲಿ ಪಿಶಾಚಿ ಅಡುಗೆಗೆ ಕೂತು ಒಲೆಗೆ ಸೌದೆ ಬದಲು ತನ್ನ ಕಾಲನ್ನೇ ಒಡ್ಡುತ್ತಾಳೆ. ಬೇಕಾಗಿದ್ದು ಒಂದು ಒಲೆ, ಒಂದು ಕಾಲು, ಅಷ್ಟೇ. ಅದನ್ನು ನೋಡಿದವರು ನಕ್ಕಿದ್ದಾರೆ, ಅವರೇ ರಾತ್ರಿ ಎದ್ದು ಹಿತ್ತಲಿಗೆ ಹೋಗೋಕೆ ಹೆದರಿದ್ದಾರೆ. ಅದನ್ನು ತೆಗೆದವರೇ ಮೊದಲು ನಕ್ಕಿದ್ದರೆ ಆ ಹೆದರಿಕೆ ಹುಟ್ಟುತ್ತಿತ್ತಾ?

ಒಂದು ಹಳೇ ಸಿಟ್ಟು ಹೇಳಿಬಿಡುತ್ತೇನೆ. ಈ ಸಿನಿಮಾಗಳ ಬಗ್ಗೆ ನಾನು ಪ್ರೀತಿಯಿಂದ ಬರೆದ ಲೇಖನವನ್ನು ಒಬ್ಬ ಸಂಪಾದಕರು "ಸ್ವಲ್ಪ ಗೇಲಿ ಸೇರಿಸಿ, ಇಲ್ಲಾಂದ್ರೆ ಓದೋರು ನಿಮ್ಮನ್ನೇ ಪೆದ್ದ ಅನ್ಕೋತಾರೆ" ಅಂತ ವಾಪಸ್ ಕಳಿಸಿದರು. ನಾನು ಸೇರಿಸಲಿಲ್ಲ, ಅವರು ಹಾಕಲಿಲ್ಲ. ಇವತ್ತಿಗೂ ಆ ಮಾತು ಚುಚ್ಚುತ್ತೆ. ಪೆದ್ದ ಅನ್ನಿಸಿಕೊಳ್ಳುವ ಭಯ ಎಷ್ಟು ಒಳ್ಳೆಯ ಬರಹಗಾರರನ್ನು ತಿಂದುಹಾಕಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮೊದಮೊದಲು ಒಂದು ಚಟಾಕಿ, ಆಮೇಲೆ ಪ್ರತಿ ಪ್ಯಾರಾಕ್ಕೊಂದು. ಕೊನೆಗೆ ಅವರಿಗೆ ದುಃಖದ ಒಂದು ಸಾಲನ್ನೂ ಸುಮ್ನೆ ಬರೆದು ಬಿಡೋಕೆ ಆಗಲಿಲ್ಲ. ನಿನಗಿನ್ನೂ ಅದು ಅಂಟಿಲ್ಲ.

ಯಾಕೆ ಗೊತ್ತಾ? ಮುದಿ ಮಾಂತ್ರಿಕ ತನ್ನ ಮಂತ್ರ ಮರೆತುಹೋಗಿ, ಶಿಷ್ಯನ ಎದುರು ಬಾಯಿ ತೆರೆದು ನಿಂತುಬಿಡುವ ಆ ಪುಟ. ಅಲ್ಲಿ ನೀನು ಜೋಕು ಮಾಡುವುದನ್ನೇ ಮರೆತಿದ್ದೀಯ. ಅದೊಂದು ಪುಟಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಪುಟ ಮುಟ್ಟಬೇಡ. ಥರ್ಮೋಕೋಲ್ ತೆಗಿ, ಜಿಪ್ ತೆಗಿ. ರಾಕ್ಷಸನಿಗೆ ಹಸಿವಾಗಿದ್ದರೆ ನಿಜವಾಗಿ ಹಸಿವಾಗಲಿ. ಓದಿದ ನಿನ್ನ ಗೆಳೆಯರು ನಕ್ಕರೆ ಯಾವ ಸಾಲಿಗೆ ನಕ್ಕರು ಅಂತ ಗುರುತು ಹಾಕಿಕೊ, ಆದರೆ ಆ ಸಾಲು ಅಳಿಸಬೇಡ. ದೀಪಾವಳಿ ಒಳಗೆ ಪೂರ್ತಿ ಕತೆ ನನಗೆ ಕಳಿಸು. ತಡ ಮಾಡಿದರೆ ಫೋನ್ ಮಾಡಿ ಬೈಯುತ್ತೇನೆ.

ಇಂತಿ ನಿನ್ನ ಹಿರಿಯ ಗೆಳೆಯ