ಬೀಮ್ ಕಂಬಿ ಕಟ್ಟುವ ಮೊದಲು ಮಾಡೆಲ್ ಕಳಿಸಿ
ಎಲ್ಲರಿಗೂ ನಮಸ್ಕಾರ. ಎರಡನೇ ಮಹಡಿಯ ಸ್ಟ್ರಕ್ಚರ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಎಸಿ 3ಡಿ ಮಾಡೆಲ್‌ಗಳನ್ನು ಬುಧವಾರ ಸಂಜೆಯೊಳಗೆ ಐಎಫ್‌ಸಿ (ಬೇರೆ ಬೇರೆ ಸಾಫ್ಟ್‌ವೇರ್‌ಗಳಲ್ಲಿ ತೆರೆಯಬಲ್ಲ) ಫೈಲ್ ಮಾಡಿ ಇಲ್ಲಿಗೆ ಹಾಕಿ. ನ್ಯಾವಿಸ್‌ವರ್ಕ್ಸ್ ಸಾಫ್ಟ್‌ವೇರ್‌ನಲ್ಲಿ ಒಟ್ಟಿಗೆ ಸೇರಿಸಿ ಎಲ್ಲೆಲ್ಲಿ ಕ್ಲ್ಯಾಶ್ ಇದೆ, ಅಂದರೆ ಒಂದಕ್ಕೊಂದು ತಗಲುತ್ತದೆ ಅಂತ ನೋಡಿಬಿಡೋಣ.

ಟಾಯ್ಲೆಟ್ ಪೈಪ್ ಕಡೆ ಹೆಚ್ಚು ಗಮನ ಕೊಡಿ. 60ಕ್ಕೆ 1ರಂತೆ ಇಳಿಜಾರು ಕೊಟ್ಟರೆ 6 ಮೀಟರ್ ಹೋಗುವಷ್ಟರಲ್ಲಿ ಪೈಪು 100 ಎಂಎಂ ಕೆಳಗಿಳಿದಿರುತ್ತದೆ. ಪ್ಲಾನ್ ಡ್ರಾಯಿಂಗ್‌ನಲ್ಲಿ ಅದೊಂದು ಗೆರೆ ಅಷ್ಟೇ. ಬೀಮ್‌ಗೆ ತಗಲುವುದು ಮಾಡೆಲ್‌ನಲ್ಲಿ ಎದ್ದು ಕಾಣುತ್ತದೆ. ವೈರ್‌ಗಳನ್ನು ಹೊರುವ ಕೇಬಲ್ ಟ್ರೇಯನ್ನು ಸುತ್ತು ಹಾಕಿಸಿ ಒಯ್ಯಬಹುದು, ಇಳಿಜಾರಿನ ಪೈಪನ್ನು ಮೇಲೆತ್ತಲಾಗದು. ಹಾಗಾಗಿ ಮೊದಲ ಜಾಗ ಅದಕ್ಕೇ.

ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಕಡೆ ಸ್ಲೀವ್ (ಪೈಪ್ ಹಾದುಹೋಗಲು ಬೀಮ್‌ನೊಳಗೆ ಮೊದಲೇ ಇಡುವ ಕೊಳವೆ) ಈಗಲೇ ಇಡಿಸಿ. ಕಾಂಕ್ರೀಟ್ ಆದಮೇಲೆ ಬೀಮ್ ಕೊರೆಯಲು ದಯವಿಟ್ಟು ಯಾರೂ ಕೇಳಬೇಡಿ. ಒಳಗಿನ ಕಂಬಿ ತುಂಡಾಗುವ ಕೆಲಸಕ್ಕೆ ನಾನು ಸಹಿ ಹಾಕುವುದಿಲ್ಲ.