ಮನೆ ಎದ್ದಿತು, ಎಲ್ಲರಿಗೂ ವಂದನೆ

ಸಭೆಯ ಎಲ್ಲರಿಗೂ ಪ್ರಭು ಯೇಸುವಿನ ಹೆಸರಿನಲ್ಲಿ ವಂದನೆಗಳು. ಊರಿನ ಉಳಿದ ಹಿರಿಯರಿಗೆ ಶರಣು, ಸಲಾಂ.

ಜೇವರ್ಗಿ ತಾಲೂಕಿನಲ್ಲಿ ಭೀಮಾ ದಂಡೆಯ ಮೇಲಿರುವ ನಮ್ಮ ಮನೆ ಕೊನೆಗೂ ಮುಗಿಯಿತು. ಬಾಗಿಲಿಗೆ ಬಣ್ಣ ಹಚ್ಚೋದು ಮಾತ್ರ ಬಾಕಿ. ಇದರ ಹಿಂದೆ ಬಹಳ ಜನರ ಋಣ ಇದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವುದು ಆಗದ ಮಾತು, ಅದಕ್ಕೇ ಬರೆಯುತ್ತಿದ್ದೇನೆ.

2020 ಯಾರಿಗೆ ಮರೆಯುತ್ತದೆ ಹೇಳಿ. ದೇಶದ ಮೊದಲ ಕೊರೊನಾ ಸಾವು ಆ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು. ನಮ್ಮ ಮನೆಯವರು ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದರು. ಕೆಲಸ ನಿಂತು ಬರಿಗೈಲಿ ಊರಿಗೆ ಬಂದರು. ಇರಲಿ, ತೊಗರಿ ಇದೆಯಲ್ಲ ಅಂದುಕೊಂಡೆವು. ಅಕ್ಟೋಬರ್‌ನಲ್ಲಿ ತೊಗರಿ ಹೂವಿಗೆ ಬರೋ ಹೊತ್ತಿಗೆ ಮಳೆ ಹಿಡಿಯಿತು. ಮೇಲೆ ಮಹಾರಾಷ್ಟ್ರದ ಉಜನಿ, ವೀರ್ ಅಣೆಕಟ್ಟುಗಳಿಂದಲೂ ನೀರು ಬಿಟ್ಟರು. ಅದು ಸೊನ್ನ ಬ್ಯಾರೇಜ್ ದಾಟಿ ನಮ್ಮ ಕಡೆ ಬಂತು. ಮೊದಲು ಹೊಲ ಹೋಯಿತು, ಆಮೇಲೆ ಕೆಳಗಿನ ಓಣಿ. ನಮ್ಮಂಥವರ ಓಣಿ ಯಾವಾಗಲೂ ಊರ ತಗ್ಗಿನಲ್ಲೇ ಯಾಕಿರುತ್ತದೆ ಅನ್ನೋದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ವಂದನೆ ಟ್ರ್ಯಾಕ್ಟರ್ ತಂದ ಚಾಚಾಗೆ. ಮೊಣಕಾಲುದ್ದ ನೀರಿನಲ್ಲಿ ಬಂದು, "ಸಾಮಾನ ಇರ್ಲಿ ಬಿಡ್ರಿ, ಮೊದ್ಲ ನೀವು ಏರ್ರಿ" ಅಂತ ಗದರಿದರು. ಮಕ್ಕಳನ್ನು ಎತ್ತಿ ಟ್ರೇಲರ್‌ಗೆ ಹಾಕಿದರು. ಅತ್ತೆ ಮಾತ್ರ ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ತಂದರು. ಹಿಟ್ಟಿನ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಬೈಬಲ್. "ಎರಡೂ ಒಂದೇ ಡಬ್ಬ್ಯಾಗ ಅದಾವು, ಎತ್ತಾಕ ಸುಲಭ" ಅಂದರು. ಅಂಥ ಹೊತ್ತಲ್ಲೂ ನನಗೆ ನಗು ಬಂತು.

ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಕರೆಂಟ್ ಇಲ್ಲ. ಮಕ್ಕಳು ಹೆದರಿ ಅಳುತ್ತಿದ್ದರು. ಅತ್ತೆ ಓದಿದ್ದು ಕಡಿಮೆ, ಆದರೆ ಚಿಕ್ಕಂದಿನಿಂದ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗಿ ವಾಕ್ಯ ಕೇಳಿ ಕೇಳಿ ಕಥೆಗಳೆಲ್ಲ ಬಾಯಿಪಾಠ. ಆ ರಾತ್ರಿ ಬೈಬಲಿನಲ್ಲಿ ಬರುವ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನ ಹಡಗಿನ ಕಥೆ ಹೇಳಿದರು. ಕೈದಿಯಾಗಿ ರೋಮಿಗೆ ಹೊರಟ ಪೌಲ, ಹಡಗಿನಲ್ಲಿ 276 ಜನ. ಬಿರುಗಾಳಿ ಬಿಡಲೇ ಇಲ್ಲ. ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಸರಕು ಎಸೆದರು. ಜನ ಊಟ ಬಿಟ್ಟರು. ಆಗ ಪೌಲ ಎಲ್ಲರ ಮುಂದೆ ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಹೇಳಿ, ಮುರಿದು ತಿಂದ. ನೀವೂ ತಿನ್ನಿ, ಹಡಗು ಹೋಗುತ್ತದೆ, ನಿಮ್ಮಲ್ಲಿ ಒಂದು ಜೀವವೂ ಹೋಗೋದಿಲ್ಲ ಅಂದ. ಹಾಗೇ ಆಯಿತು. ಈಜು ಬರುವವರು ಈಜಿದರು, ಬಾರದವರು ಹಲಗೆ ಹಿಡಿದು ದಡ ಸೇರಿದರು. ನಮ್ಮ ಮಕ್ಕಳಷ್ಟೇ ಅಲ್ಲ, ಮೇಲಿನ ಓಣಿಯ ಮಕ್ಕಳೂ ಹತ್ತಿರ ಬಂದು ಕೂತು ಕೇಳಿದವು. "ಆಮ್ಯಾಲ ಏನಾತ್ರಿ ಆಯಿ?" ಅಂತ ಒಂದು ಹುಡುಗ ಕೇಳಿಕೊಂಡೇ ಇದ್ದ.

ಬೆಳಿಗ್ಗೆ ನೋಡಿದರೆ ನಮ್ಮ ಮಣ್ಣಿನ ಗೋಡೆ ಕುಸಿದಿತ್ತು.

ಆಮೇಲೆ ಕೆಲವರು ಬಂದು, ನಂಬಿಕೆ ಗಟ್ಟಿ ಇದ್ದಿದ್ದರೆ ಮನೆ ಉಳಿಯುತ್ತಿತ್ತು ಅಂದರು. ನಮ್ಮವರೇ ಅಂದರು. ಇನ್ನೊಂದು ಕಡೆಯವರು, ನಿಮ್ಮ ಯೇಸು ಎಲ್ಲಿ ಹೋಗಿದ್ದ ಅಂದರು. ಇಬ್ಬರದೂ ಒಂದೇ ಲೆಕ್ಕ, ಅಲ್ವಾ? ದೇವರು ಅಂದರೆ ಗೋಡೆಗೆ ಗ್ಯಾರಂಟಿ ಕೊಡುವವನು ಅನ್ನೋ ಲೆಕ್ಕ. ಪೌಲನಿಗೇ ಹಡಗು ಉಳಿಯಲಿಲ್ಲ. ಹಡಗು ಒಡೆಯುತ್ತದೆ ಅಂತ ಗೊತ್ತಿದ್ದೂ ಅವನು ಕೂತು ಊಟ ಮಾಡಿದ. ನಮ್ಮ ಅತ್ತೆ ಕೂಡ ಆ ರಾತ್ರಿ ಪ್ರಾರ್ಥನೆ ಮಾಡಿ, ಕೊಟ್ಟ ಅನ್ನ ಉಂಡು, ಗೊರಕೆ ಹೊಡೆದು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಆದರೆ ಅವರ ಗೊರಕೆ ಕೇಳುತ್ತಾ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿತು. ನಾನು ಕಂಡ ಸಾಕ್ಷಿ ಅಂದರೆ ಇದೇ.

ಕಥೆ ಅಲ್ಲಿಗೆ ಮುಗಿಯೋದಿಲ್ಲ. ಮೆಲೀತೆ ದ್ವೀಪದವರು, ಅಂದರೆ ಈಗಿನ ಮಾಲ್ಟಾದವರು, ಪೌಲನ ಗುರುತೂ ಇಲ್ಲದವರು. ಮಳೆ, ಚಳಿ ಅಂತ ಬೆಂಕಿ ಹಾಕಿ ಎಲ್ಲರನ್ನೂ ಕರೆದು ಕೂರಿಸಿಕೊಂಡರು. ನಮಗೂ ಅಂಥವರೇ ಸಿಕ್ಕರು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಗಂಟು ಕಟ್ಟಿ ಕಳಿಸಿದ ಮಠದ ಭಕ್ತರಿಗೆ, ನನ್ನ ಕೂಸಿಗೆ ಹಾಲು ಕಾಯಿಸಿ ಕೊಟ್ಟ ಅಂಗನವಾಡಿ ಅಕ್ಕೋರಿಗೆ, ಹೊದಿಕೆ, ಪಾತ್ರೆ ಹೊತ್ತು ತಂದ ಕಲಬುರಗಿಯ ಮೆಥೋಡಿಸ್ಟ್ ಸಭೆಯ ಅಕ್ಕಂದಿರಿಗೆ ಕೈ ಮುಗಿಯುತ್ತೇನೆ. ಆ ಅಕ್ಕಂದಿರಲ್ಲಿ ಒಬ್ಬರು ಏನೂ ಬೋಧನೆ ಮಾಡದೆ ನನ್ನ ಜೊತೆ ಕೂತು ರಾಡಿ ಬಳಿದರು. ಅದು ಜಾಸ್ತಿ ನೆನಪಿದೆ.

ಪರಿಹಾರದ ಕಥೆ ಉದ್ದ ಮಾಡೋದಿಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು. ನಮ್ಮದನ್ನು ಮೊದಲು 'ಸಿ' ವರ್ಗಕ್ಕೆ ಬರೆದಿದ್ದರು, ಅಂದರೆ ಸ್ವಲ್ಪ ಹಾನಿ. ಅರ್ಜಿ ಮೇಲೆ ಅರ್ಜಿ ಬರೆದುಕೊಟ್ಟು, ನಮ್ಮ ಜೊತೆ ಕಚೇರಿಗೆ ಅಲೆದ ಕಾಲೇಜು ಹುಡುಗನಿಗೆ ದೇವರು ಒಳ್ಳೆಯದು ಮಾಡಲಿ. ಆಮೇಲೆ ತಳಪಾಯಕ್ಕೊಂದು ಕಂತು, ಲಿಂಟಲ್‌ಗೊಂದು ಕಂತು. ಪ್ರತಿ ಸಲ ಮನೆ ಮುಂದೆ ನಿಂತು ಜಿಪಿಎಸ್ ಫೋಟೋ. ನಮ್ಮ ಮನೆಯವರೇ ಗೌಂಡಿ ಆಗಿದ್ದಕ್ಕೆ ಕೂಲಿ ಉಳಿಯಿತು. ಅವರು ಊರವರ ಮನೆ ಕಟ್ಟಿ ಬಂದು, ಸಂಜೆ ನಮ್ಮದು ಕಟ್ಟುತ್ತಿದ್ದರು. ಅದಕ್ಕೇ ಇಷ್ಟು ವರ್ಷ ಹಿಡಿಯಿತು. ಈ ಸಲ ತಳಪಾಯ ಎತ್ತರಕ್ಕೆ ಎಬ್ಬಿಸಿದ್ದಾರೆ. ದೇವರ ಮೇಲೆ ಭಾರ ಹಾಕೋದು ಬೇರೆ, ಭೀಮೆಯ ಗುಣ ಮರೆಯೋದು ಬೇರೆ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಮನೆ ಪ್ರತಿಷ್ಠೆಯ ಪ್ರಾರ್ಥನೆ ಇದೆ. ಪಾಸ್ಟರ್ ಅಯ್ಯನವರು ಬರುತ್ತಾರೆ. ಊಟ ಎರಡು ಕಡೆ. ಮಠದ ಕಡೆಯವರಿಗೆ ಬೇರೆ ಒಲೆ, ಬೇರೆ ಪಾತ್ರೆ. ಚಾಚಾ, ನೀವು ಬರೋವರೆಗೂ ಪ್ರಾರ್ಥನೆ ಶುರು ಮಾಡೋದಿಲ್ಲ ಅಂತ ಅತ್ತೆ ಹಟ ಹಿಡಿದಿದ್ದಾರೆ. ಬೇಗ ಬನ್ನಿ.