ಸಂಸ್ಥೆ ಒಂದಾಯಿತು, ಲೆಕ್ಕ ಒಂದಾಯಿತೇ?

ಸಂಪಾದಕರೇ,

ನಾಲ್ಕೈದು ಪುರಸಭೆಗಳನ್ನು ಸೇರಿಸಿ ಒಂದು ಮಾಡಿದರೆ ಖರ್ಚು ಉಳಿಯುತ್ತದೆ ಅಂತಾರೆ. ಉಳಿಯಬಹುದು, ಆದರೆ ಮೊದಲ ವರ್ಷವೇ ಅಲ್ಲ. ಕೆನಡಾದ ಟೊರೊಂಟೊದಲ್ಲಿ 1998ರಲ್ಲಿ ಆರು ಪುರಸಭೆಗಳು ಒಂದಾದವು. ಒಂದೇ ಕೆಲಸಕ್ಕೆ ಬೇರೆ ಬೇರೆ ಸಂಬಳ ಇತ್ತು. ಸಮ ಮಾಡಲು ಹೊರಟಾಗ ಅದು ಮೇಲಕ್ಕೇ ಹೋಯಿತು. ಇಳಿಸಿದರೆ ಯಾರು ಒಪ್ಪುತ್ತಾರೆ, ಅಲ್ವಾ?

ಡೆನ್ಮಾರ್ಕ್ 2007ರಲ್ಲಿ 271 ಪುರಸಭೆಗಳನ್ನು 98ಕ್ಕೆ ಇಳಿಸಿತು. ಅಲ್ಲಿ ಕಂಡಿದ್ದು ಇನ್ನೊಂದು ಚಾಳಿ. ವಿಲೀನಕ್ಕೆ ಮುಂಚೆ ಕೆಲವು ಪುರಸಭೆಗಳು ಕೈಬಿಚ್ಚಿ ಖರ್ಚು ಮಾಡಿದವು. ಸಾಲ ಹೇಗೂ ಎಲ್ಲರ ತಲೆಗೆ ಹಂಚಿಹೋಗುತ್ತದಲ್ಲ! ಆದ್ದರಿಂದ ವಿಲೀನ ಘೋಷಣೆಯಾದ ದಿನದಿಂದಲೇ ದೊಡ್ಡ ಗುತ್ತಿಗೆಗಳಿಗೆ ಮೇಲಿನವರ ಒಪ್ಪಿಗೆ ಬೇಕು.

ನಾನು ಹಲವು ವರ್ಷ ಲೆಕ್ಕದ ಪುಸ್ತಕಗಳ ನಡುವೆಯೇ ಕೂತವನು. ಎರಡು ಕಚೇರಿಗಳ ಖಾತೆ ಸೇರಿಸುವಾಗ ಒಬ್ಬನೇ ಗುತ್ತಿಗೆದಾರ ಎರಡು ಹೆಸರಲ್ಲಿ ಸಿಕ್ಕಿದ್ದ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಅಷ್ಟೇ ವ್ಯತ್ಯಾಸ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗಿತ್ತು. ಕಳ್ಳತನವಲ್ಲ, ಸುಮ್ನೆ ಯಾರೂ ನೋಡಿರಲಿಲ್ಲ.

ಹೊಸ ಸಂಸ್ಥೆ ಲಾಂಛನ, ಬೋರ್ಡು ಬದಲಿಸುವ ಮುಂಚೆ ಗುತ್ತಿಗೆದಾರರ ಪಟ್ಟಿಯನ್ನು ಶುದ್ಧ ಮಾಡಲಿ. ಹಳೆಯ ಬ್ಯಾಂಕ್ ಖಾತೆಗಳನ್ನು ಮುಚ್ಚಲಿ, ಹಳೆಯ ಸಹಿಗಳನ್ನು ರದ್ದು ಮಾಡಲಿ. ಖರೀದಿಗೆ ಒಪ್ಪಿಗೆ ಕೊಡುವವರೇ ಚೆಕ್ ಬರೆಯಬಾರದು. ಬಿಲ್ ಬಂದ ಮೇಲೆ ಬಜೆಟ್ ನೋಡುವುದಲ್ಲ, ಆರ್ಡರ್ ಕೊಡುವಾಗಲೇ ಅಷ್ಟು ಹಣ ತೆಗೆದಿಡಬೇಕು. ಮತ್ತೆ, ತಿಂಗಳ ಜಮಾ-ಖರ್ಚನ್ನು ನಮಗೂ ತೋರಿಸಲಿ. ತೆರಿಗೆ ಕಟ್ಟುವವರು ನಾವೇ ತಾನೆ?

– ಒಬ್ಬ ನಿವೃತ್ತ ಲೆಕ್ಕಿಗ